ನೀರೊಳಗಿನ ನೊಣ: ವೆಟ್ ಫ್ಲೈ ಗಾಳದ ಐದು ಶತಮಾನ

ಟ್ರೌಟ್ ತಣ್ಣೀರಿನ ಮೀನು. ಓಡುವ ಹೊಳೆಯಲ್ಲಿ ಕಲ್ಲಿನ ಮರೆ ಹಿಡಿದು, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತು, ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತದೆ. ಅದರ ಊಟದಲ್ಲಿ ದೊಡ್ಡ ಪಾಲು ಮೇ ಫ್ಲೈ, ಕ್ಯಾಡಿಸ್ ಮೊದಲಾದ ಹುಳುಗಳದು. ಇವು ಬದುಕಿನ ಬಹುಕಾಲವನ್ನು ನೀರಿನ ತಳದಲ್ಲೇ ಕಳೆಯುತ್ತವೆ. ರೆಕ್ಕೆ ಮೂಡುವ ಹೊತ್ತಿಗೆ ಮೇಲೆದ್ದು ಬಂದು, ಪೊರೆ ಕಳಚಿ ಹಾರಿಹೋಗುತ್ತವೆ. ಹಾರಿದ ಮೇಲೆ ಮೇ ಫ್ಲೈಗೆ ಉಳಿಯುವ ಆಯಸ್ಸು ತೀರ ಅಲ್ಪ. ಹಾಗಾಗಿ ಟ್ರೌಟ್ ತಿನ್ನುವ ಹುಳುಗಳಲ್ಲಿ ಬಹುಪಾಲು ಅದಕ್ಕೆ ಸಿಗುವುದು ನೀರೊಳಗೇ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಕೊಕ್ಕೆಗೆ ರೇಷ್ಮೆ ನೂಲು, ಹಕ್ಕಿಯ ಗರಿ ಸುತ್ತಿ ಮಾಡಿದ ಕೃತಕ ನೊಣವನ್ನು ಆ ಜಾಗಕ್ಕೆ ಇಳಿಸಿ ಮೀನು ಹಿಡಿಯುವುದೇ ವೆಟ್ ಫ್ಲೈ ವಿದ್ಯೆ. ಇದರ ಚರಿತ್ರೆಯನ್ನು ಕೋಲು, ರೀಲು, ದಾರಗಳ ಚರಿತ್ರೆಯಾಗಿ ಹೇಳುವುದುಂಟು. ನನ್ನ ಮಟ್ಟಿಗೆ ಇದು ನೀರನ್ನು ನೋಡಲು ಕಲಿತವರ ಚರಿತ್ರೆ.

ಮೊದಲ ದಾಖಲೆ ಬಹಳ ಹಳೆಯದು. ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮಿನ ಲೇಖಕ ಏಲಿಯನ್, ಮ್ಯಾಸಿಡೋನಿಯಾದ ಹೊಳೆಯೊಂದರಲ್ಲಿ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಚುಕ್ಕೆ ಮೀನು ಹಿಡಿಯುತ್ತಿದ್ದುದನ್ನು ಬರೆದಿದ್ದಾನೆ. ಅಲ್ಲಿಂದ ನಾವು ನೇರವಾಗಿ 1496ರ ಇಂಗ್ಲೆಂಡಿಗೆ ಬರಬೇಕು. ಆ ವರ್ಷ ವಿಂಕಿನ್ ಡ ವೋರ್ಡ್ ಅಚ್ಚು ಹಾಕಿದ ಗಾಳದ ಪುಸ್ತಕದಲ್ಲಿ ಹನ್ನೆರಡು ನೊಣಗಳ ವಿವರವಿದೆ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂಬ ಪ್ರತೀತಿ ಉಳಿದುಬಂದಿದೆ. 1653ರಲ್ಲಿ ಬಂದ ಐಸಾಕ್ ವಾಲ್ಟನ್ನನ ಪುಸ್ತಕ ಲೋಕಪ್ರಸಿದ್ಧ. ಆದರೆ ನೊಣದ ಗಾಳದ ಮಟ್ಟಿಗೆ ತಿಳಿದು ಬರೆದವನು ಅವನ ಗೆಳೆಯ ಚಾರ್ಲ್ಸ್ ಕಾಟನ್. 1676ರ ಆವೃತ್ತಿಗೆ ಕಾಟನ್ ಸೇರಿಸಿದ ಎರಡನೇ ಭಾಗದಲ್ಲಿ ಯಾವ ತಿಂಗಳಿಗೆ ಯಾವ ನೊಣ ಎಂಬ ಪಟ್ಟಿಯಿದೆ, ಸಣ್ಣ ದಾರದಲ್ಲಿ ದೂರ ನಿಂತು ಗಾಳ ಹಾಕಬೇಕೆಂಬ ಬುದ್ಧಿಮಾತಿದೆ. ಡವ್ ನದಿಯ ದಡದಲ್ಲೇ ಬೆಳೆದವನ ಮಾತು ಅದು.

ಮುಂದಿನ ಸುಮಾರು ಇನ್ನೂರು ವರ್ಷ ಹೆಚ್ಚಿನವರು ಹೊಳೆಯ ಮೇಲ್ಗಡೆ ನಿಂತು, ಎರಡು ಮೂರು ನೊಣ ಕಟ್ಟಿದ ದಾರವನ್ನು ಅಡ್ಡಲಾಗಿ ಎಸೆದು, ಅದು ಕೆಳಗಡೆ ಬಳಸಿ ಬರಲು ಬಿಡುತ್ತಿದ್ದರು. ಮೀನು ಸಿಗುತ್ತಿತ್ತು, ಆದ್ದರಿಂದ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡವನು ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟ್. 1857ರಲ್ಲಿ ಬಂದ ಅವನ ‘ದಿ ಪ್ರಾಕ್ಟಿಕಲ್ ಆಂಗ್ಲರ್’ ಈ ವಿದ್ಯೆಯ ದಿಕ್ಕನ್ನೇ ತಿರುಗಿಸಿತು. ಟ್ರೌಟ್ ಮೇಲ್ಗಡೆ ಮುಖ ಮಾಡಿ ನಿಲ್ಲುತ್ತದೆ, ಆದ್ದರಿಂದ ಅದರ ಬೆನ್ನ ಹಿಂದಿನಿಂದ ಹೋಗಬೇಕು ಎಂಬುದು ಅವನ ವಾದ. ಹಾಗೆ ಹೋದರೆ ಮೀನಿಗೆ ಮನುಷ್ಯ ಕಾಣುವುದಿಲ್ಲ. ಕೊಕ್ಕೆ ಎಳೆದಾಗ ಅದು ಬಾಯಿಂದ ಹೊರಗೆ ಜಾರದೆ ಬಾಯೊಳಗೆ ಕಚ್ಚಿಕೊಳ್ಳುತ್ತದೆ. ಹಿಡಿದ ಮೀನು ಒದ್ದಾಡುವಾಗ ಕಲಕುವುದು ಕೆಳಗಿನ ನೀರು. ಮೇಲೆ ನಿಂತ ಮೀನುಗಳಿಗೆ ಸುದ್ದಿಯೇ ಹತ್ತುವುದಿಲ್ಲ. ನೊಣ ಹೊಳೆಯ ವೇಗದಲ್ಲಿ, ನಿಜವಾದ ಹುಳುವಿನ ಹಾಗೆ, ತನ್ನಷ್ಟಕ್ಕೆ ತೇಲಿ ಬರುತ್ತದೆ.

ಅವನು ಹೆಚ್ಚು ನೆಚ್ಚಿದ ನೊಣಗಳನ್ನು ಸ್ಪೈಡರ್ ಎಂದು ಕರೆದ. ಕಪ್ಪು ಸ್ಪೈಡರಿಗೆ ಬೇಕಾದದ್ದು ಸ್ಟಾರ್ಲಿಂಗ್ ಹಕ್ಕಿಯ ಒಂದು ಪುಟ್ಟ ಗರಿ, ಒಂದಿಷ್ಟು ಕಂದು ರೇಷ್ಮೆ ನೂಲು. ರೆಕ್ಕೆಯಿಲ್ಲ, ಬಾಲವಿಲ್ಲ. ಗರಿಯನ್ನು ನೂಲಿನ ಜೊತೆ ಹೊಸೆದು ಕೊಕ್ಕೆಯ ಮುಂಭಾಗಕ್ಕೆ ಸುತ್ತಿದರೆ ನೊಣ ತಯಾರು. ನೀರಿಗೆ ಬಿದ್ದೊಡನೆ ಆ ಮೃದುವಾದ ಎಳೆಗಳು ಅಲುಗತೊಡಗುತ್ತವೆ, ಬದುಕಿರುವುದರ ಲಕ್ಷಣ ಬರುತ್ತದೆ. ಬಣ್ಣ, ಆಕಾರಗಳ ನಿಖರ ನಕಲಿಗಿಂತ ಈ ಅಲುಗಾಟ ಮುಖ್ಯ ಎಂದು ಕಂಡುಕೊಂಡದ್ದು ಸ್ಟೂವರ್ಟನ ದೊಡ್ಡ ಕೊಡುಗೆ ಎಂದೇ ನಾನು ಭಾವಿಸುತ್ತೇನೆ.

ಯಾರ್ಕ್‌ಷೈರಿನಲ್ಲಿ ಇಂಥದೇ ಪರಂಪರೆ ತಲೆಮಾರುಗಳಿಂದ ಬೆಳೆದಿತ್ತು. ಟಿ. ಇ. ಪ್ರಿಟ್ 1885ರಲ್ಲಿ ಆ ನೊಣಗಳನ್ನು ಚಿತ್ರಗಳ ಸಮೇತ ಪುಸ್ತಕ ಮಾಡಿದ. ಪಾರ್ಟ್ರಿಜ್ ಅಂಡ್ ಆರೆಂಜ್, ಸ್ನೈಪ್ ಅಂಡ್ ಪರ್ಪಲ್, ವಾಟರ್‌ಹೆನ್ ಬ್ಲೋಅ: ಗರಿ ಕೊಟ್ಟ ಹಕ್ಕಿಯ ಹೆಸರೇ ಇವುಗಳ ಹೆಸರಿನ ಮೊದಲರ್ಧ. ಪಾರ್ಟ್ರಿಜ್ ಅಂಡ್ ಆರೆಂಜ್ ಕಟ್ಟುವುದನ್ನು ನೋಡಿದರೆ ಇದರ ಮಿತವ್ಯಯ ಅರ್ಥವಾಗುತ್ತದೆ. ಕಿತ್ತಳೆ ರೇಷ್ಮೆಯನ್ನು ಕೊಕ್ಕೆಯ ಮೈಗೆ ಒಂದೇ ಪದರವಾಗಿ ಸುತ್ತಬೇಕು, ಕೌಜುಗದ ಬೆನ್ನಿನ ಚುಕ್ಕೆಚುಕ್ಕೆಯ ಕಂದು ಗರಿಯನ್ನು ಕತ್ತಿನ ಬಳಿ ಎರಡೇ ಸುತ್ತು ಹಾಕಬೇಕು, ಗಂಟು ಬಿಗಿಯಬೇಕು. ಮೂರನೆಯ ಸುತ್ತಿಗೆ ನೊಣ ದಪ್ಪವಾಗಿ ಕೆಡುತ್ತದೆ. ನೀರಿನಲ್ಲಿ ನೆಂದ ಕಿತ್ತಳೆ ರೇಷ್ಮೆ ಗಾಢವಾಗಿ, ಹುಳುವಿನ ಮೈಬಣ್ಣಕ್ಕೆ ತಿರುಗುತ್ತದೆ.

ಅದೇ ಹೊತ್ತಿಗೆ ದಕ್ಷಿಣದ ಹ್ಯಾಂಪ್‌ಷೈರಿನಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. ಟೆಸ್ಟ್, ಇಚೆನ್ ನದಿಗಳು ಸುಣ್ಣಕಲ್ಲಿನ ನೆಲದಿಂದ ಹುಟ್ಟಿ ತಿಳಿಯಾಗಿ, ನಿಧಾನವಾಗಿ ಹರಿಯುತ್ತವೆ; ಮೀನು ಬಾಯಿ ತೆರೆಯುವುದೂ ದಡದಿಂದ ಕಾಣುತ್ತದೆ. ಫ್ರೆಡರಿಕ್ ಹಾಲ್‌ಫರ್ಡ್ 1886ರಲ್ಲಿ ಮತ್ತು 1889ರಲ್ಲಿ ಬರೆದ ಪುಸ್ತಕಗಳು ಮೇಲೆ ತೇಲುವ ಡ್ರೈ ಫ್ಲೈಗೆ ಶಾಸ್ತ್ರದ ಸ್ಥಾನ ಕೊಟ್ಟವು. ಹಾಲ್‌ಫರ್ಡ್ ಶ್ರಮಜೀವಿ, ಅವನ ಕೀಟಜ್ಞಾನ ನಿಜವಾದದ್ದು. ಆದರೆ ಅನುಯಾಯಿಗಳ ಕೈಯಲ್ಲಿ ಅದು ಮಡಿಯಾಯಿತು. ಮುಳುಗಿದ ನೊಣ ಹಾಕುವುದು ಸಭ್ಯರ ಲಕ್ಷಣವಲ್ಲವೆಂಬ ಮಾತು ಹುಟ್ಟಿತು, ಎಷ್ಟೋ ಕಡೆ ನಿಷೇಧವೂ ಬಂತು.

ಈ ಮಡಿಯನ್ನು ಮುರಿದವರು ಜಿ. ಇ. ಎಂ. ಸ್ಕೂಸ್ ಎಂಬ ಲಂಡನ್ನಿನ ವಕೀಲರು. 1892ರ ಸೆಪ್ಟೆಂಬರಿನ ಒಂದು ದಿನ ಇಚೆನ್ ನದಿಯಲ್ಲಿ ಅವರ ಡ್ರೈ ಫ್ಲೈ ತೇಲದೆ ಮುಳುಗತೊಡಗಿತು. ಮುಳುಗಿದ ಅದನ್ನೇ ಮೀನುಗಳು ಹಿಡಿದವು. ಇದನ್ನು ಆಕಸ್ಮಿಕವೆಂದು ಅವರು ತಳ್ಳಿಹಾಕಲಿಲ್ಲ. ಹಿಡಿದ ಟ್ರೌಟಿನ ಹೊಟ್ಟೆಯಿಂದ ಉದ್ದನೆಯ ಸಣ್ಣ ಚಮಚದಲ್ಲಿ ಆಹಾರ ಹೊರತೆಗೆದು, ಬಿಳಿ ಪಿಂಗಾಣಿ ತಟ್ಟೆಯ ನೀರಿನಲ್ಲಿ ಬಿಡಿಸಿ ನೋಡುವುದನ್ನು ರೂಢಿ ಮಾಡಿಕೊಂಡರು. ತಟ್ಟೆಯಲ್ಲಿ ಕಂಡದ್ದು ಹೆಚ್ಚಾಗಿ ರೆಕ್ಕೆ ಬಾರದ ಮರಿಹುಳುಗಳು, ಅಂದರೆ ನಿಂಫ್‌ಗಳು. ನೀರ ಮೈಯಲ್ಲಿ ಉಂಗುರ ಎಬ್ಬಿಸುವ ಮೀನು ಮೇಲಿನ ನೊಣವನ್ನೇ ತಿನ್ನುತ್ತಿದೆ ಎಂಬ ನಂಬಿಕೆ ಅಲ್ಲಿ ಕುಸಿಯಿತು. 1910ರಲ್ಲಿ ‘ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್’, 1921ರಲ್ಲಿ ‘ದಿ ವೇ ಆಫ್ ಎ ಟ್ರೌಟ್ ವಿತ್ ಎ ಫ್ಲೈ’ ಬಂದವು. ಆದರೂ ವಿರೋಧ ನಿಲ್ಲಲಿಲ್ಲ. 1938ರಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಸ್ಕೂಸ್, ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನ ಚರ್ಚೆಯಲ್ಲಿ ನಿಂಫ್ ಪರವಾಗಿ ನಿಂತು ವಾದಿಸಬೇಕಾಯಿತು. ಈ ಇಡೀ ಚರಿತ್ರೆಯಲ್ಲಿ ಒಬ್ಬರನ್ನು ಆರಿಸಿ ಎಂದರೆ ನಾನು ಸ್ಕೂಸ್ ಅವರನ್ನೇ ಆರಿಸುತ್ತೇನೆ: ಅವರು ಮೀನಿನ ಸಾಕ್ಷ್ಯವನ್ನು ಎಲ್ಲರ ಅಭಿಪ್ರಾಯಕ್ಕಿಂತ ಮೇಲಿಟ್ಟರು.

ಅವರ ದಾರಿಯಲ್ಲಿ ಮುಂದೆ ಹೋದವನು ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್. ಈಜುವ ನಿಂಫ್ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂದು ನೋಡಿದ ಅವನು, ಗರಿಯ ಕಾಲುಗಳನ್ನೇ ಬಿಟ್ಟ. ನೂಲಿನ ಬದಲು ತೆಳುವಾದ ತಾಮ್ರದ ತಂತಿಯಿಂದ ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ಸುತ್ತಿದ. ಅವನ ‘ನಿಂಫ್ಸ್ ಅಂಡ್ ದಿ ಟ್ರೌಟ್’ ಬಂದದ್ದು 1958ರಲ್ಲಿ. ಅಟ್ಲಾಂಟಿಕ್ ಆಚೆ, ಪೆನ್ಸಿಲ್ವೇನಿಯಾದ ಜೇಮ್ಸ್ ಲೈಸೆನ್‌ರಿಂಗ್ ಹಳೆಯ ಮೃದು ಗರಿಯ ನೊಣಕ್ಕೇ ನಿಷ್ಠನಾಗಿದ್ದ. ನೊಣವನ್ನು ತಳಕ್ಕೆ ಮುಳುಗಲು ಬಿಟ್ಟು, ಅದು ಮೀನಿನ ಹತ್ತಿರ ಬರುವಷ್ಟರಲ್ಲಿ ಕೋಲನ್ನು ನಿಧಾನವಾಗಿ ಎತ್ತುವುದು ಅವನ ವಿಧಾನ. ನೊಣ ಮೇಲೇರುತ್ತದೆ, ರೆಕ್ಕೆ ಬಿಡಲು ಹೊರಟ ಹುಳುವಿನಂತೆ. ಅವನ ಪುಸ್ತಕ 1941ರದು. 1975ರಲ್ಲಿ ಸಿಲ್ವೆಸ್ಟರ್ ನೇಮ್ಸ್ ‘ದಿ ಸಾಫ್ಟ್-ಹ್ಯಾಕಲ್ಡ್ ಫ್ಲೈ’ ಬರೆದು, ಅಮೆರಿಕನ್ನರು ಮರೆತಿದ್ದ ಈ ನೊಣಗಳನ್ನು ಮತ್ತೆ ಕೈಗೆ ಕೊಟ್ಟ.

ಈಗ ಟಂಗ್‌ಸ್ಟನ್ ಮಣಿಯ ಕಾಲ. ಭಾರದ ನೊಣವನ್ನು ಕೋಲಿನ ತುದಿಯ ಕೆಳಗೇ ತಳ ಮುಟ್ಟಿಸಿ ಹಿಡಿಯುವ ಪೋಲಿಷ್, ಜೆಕ್ ಪದ್ಧತಿಗಳು ಅಂತರರಾಷ್ಟ್ರೀಯ ಸ್ಪರ್ಧೆಗಳ ಮೂಲಕ ಎಲ್ಲೆಡೆ ಹಬ್ಬಿವೆ. ಮೀನು ಹೆಚ್ಚು ಸಿಗುವುದು ನಿಜ. ಆದರೆ ಯಾವ ಹುಳು ಎದ್ದಿದೆ, ಮೀನು ಯಾವ ಮಟ್ಟದಲ್ಲಿ ಮೇಯುತ್ತಿದೆ ಎಂದು ದಡದಲ್ಲಿ ನಿಂತು ನೋಡುವ ಅಭ್ಯಾಸ ಇದರಿಂದ ಸವೆಯುತ್ತಿದೆ ಎಂಬುದು ನನ್ನ ಕಳವಳ.

ನಮ್ಮ ದೇಶಕ್ಕೆ ಟ್ರೌಟ್ ಬಂದದ್ದು ಬ್ರಿಟಿಷರ ಕಾಲದಲ್ಲಿ. 1900ರಲ್ಲಿ ಸ್ಕಾಟ್ಲೆಂಡಿನ ಮೊಟ್ಟೆಗಳು ಕಾಶ್ಮೀರ ತಲುಪಿದವು. ಆಮೇಲೆ ಕುಲು ಕಣಿವೆ, ನೀಲಗಿರಿಯ ಅವಲಾಂಚಿಯ ತೊರೆಗಳಿಗೂ ಈ ಮೀನು ಬಂತು. ಕರ್ನಾಟಕದ ಹೊಳೆಗಳ ನೀರು ಟ್ರೌಟಿಗೆ ತೀರ ಬೆಚ್ಚಗೆ. ಆದರೂ ಭಾರತದ ಗಾಳದ ಸಾಹಿತ್ಯದ ಪ್ರಸಿದ್ಧ ಕೃತಿಯೊಂದು ಅಚ್ಚಾದದ್ದು ನಮ್ಮಲ್ಲೇ: ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’, 1873ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಅದರಲ್ಲಿ ಮಹಶೀರ್ ಮೀನನ್ನು ತನ್ನ ದೇಶದ ಸಾಲ್ಮನ್ ಜೊತೆ ತೂಗಿ ನೋಡಿ, ಮಹಶೀರಿನ ಪರ ತೀರ್ಪು ಕೊಟ್ಟಿದ್ದಾನೆ.

ಈ ವಿಷಯದಲ್ಲಿ ಆಸಕ್ತಿ ಹುಟ್ಟಿದವರು ಸಲಕರಣೆಯ ಅಂಗಡಿಗೆ ಹೋಗುವ ಮೊದಲು ಸ್ಟೂವರ್ಟನ ಪುಸ್ತಕ ಓದಲಿ, ಆಮೇಲೆ ಸ್ಕೂಸ್ ಅವರ 1910ರ ಪುಸ್ತಕ. ಓದಿ ಹೊಳೆಗೆ ಹೋದ ದಿನ ಗಾಳ ಬಿಚ್ಚುವ ಮುನ್ನ ಮೊಣಕಾಲುದ್ದದ ನೀರಿನಲ್ಲಿ ಒಂದು ಕಲ್ಲನ್ನು ಮಗುಚಿ, ಅದರ ತಳಕ್ಕೆ ಅಂಟಿಕೊಂಡಿರುವ ಹುಳುಗಳನ್ನು ನೋಡಲಿ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೆಯೇ ಇಡಲಿ.