ಕರಿಯ ಕಂಬಳಿಯ ಪೂರ್ವೋತ್ತರ

ಕಂಬಳಿಯೆಂಬ ಶಬ್ದವು ಸಂಸ್ಕೃತದ ‘ಕಂಬಲ’ಕ್ಕೆ ಸೇರಿದುದು. ಅಮರಸಿಂಹನು ತನ್ನ ಕೋಶದಲ್ಲಿ ಅದಕ್ಕೆ ‘ರಲ್ಲಕ’ವೆಂಬ ಮತ್ತೊಂದು ಹೆಸರನ್ನೂ ಹೇಳಿರುವನು. ‘ಉಣ್ಣೆ’ಯಾದರೋ ‘ಊರ್ಣಾ’ ಶಬ್ದದ ತದ್ಭವ. ಆದರೆ ಕುರಿ, ಟಗರು, ಕುರುಬ, ಮಗ್ಗ ಎಂಬಿವು ಅಚ್ಚಗನ್ನಡದ ಮಾತುಗಳು. ಈ ಕಸಬು ಈ ನೆಲಕ್ಕೆ ಸೇರಿದುದೆಂಬುದಕ್ಕೆ ಮಾತುಗಳ ಸಾಕ್ಷಿ ಸಾಲದೆನ್ನುವವರು ಚಳ್ಳಕೆರೆ, ಹಿರಿಯೂರು, ಬಳ್ಳಾರಿ, ಕೊಪ್ಪಳ, ರಾಣೆಬೆನ್ನೂರು ಇವುಗಳ ಸುತ್ತಣ ಬಯಲುಗಳನ್ನು ಒಮ್ಮೆ ತಿರುಗಿ ನೋಡಿದರೆ ಸಾಕು.

ಆ ಬಯಲುಗಳಲ್ಲಿ ಇಂದಿಗೂ ಕುರಿಗಳಿಗೆ ಕೊರತೆಯಿಲ್ಲ. ಕತ್ತರಿಸಿದ ಉಣ್ಣೆಗೆ ಮಾತ್ರ ಕೊಳ್ಳುವವರು ಅಪರೂಪವಾಗಿರುವರು. ಒಂದಾನೊಂದು ಕಾಲದಲ್ಲಿ ತೂಗಿ ಮಾರುತ್ತಿದ್ದ ತುಪ್ಪಟವನ್ನು ಈಗ ಎಷ್ಟೋ ಕಡೆ ಬೇಲಿಯ ಬದಿಗೆ ಎಸೆದು ಮಂದೆಯನ್ನು ಮುಂದಕ್ಕೆ ಹೊಡೆದುಕೊಂಡು ಹೋಗುವರು. ಅದಕ್ಕೆ ಹೊಸ ಉಪಯೋಗಗಳನ್ನು ಹುಡುಕಬೇಕೆಂಬ ಪ್ರಯತ್ನಗಳೂ ಕೆಲವು ವರ್ಷಗಳಿಂದ ನಡೆದಿರುವುವು. ಈ ಪ್ರಯತ್ನಗಳ ಗುಣದೋಷಗಳನ್ನು ಅರಿಯಬೇಕಾದರೆ ಕಂಬಳಿಯು ಹಿಂದೆ ಯಾರು ಯಾರಿಗೆ ಬೇಕಾಗಿತ್ತು, ಯಾವಾಗ ಬೇಡವಾಯಿತು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ.

ಉಣ್ಣೆಯ ಕೀರ್ತಿಯು ಬಹು ಪುರಾತನವಾದುದು. ಋಗ್ವೇದದಲ್ಲಿ ಗಾಂಧಾರದ ಕುರಿಗಳ ಪ್ರಸ್ತಾಪವಿದೆ. ಪರುಷ್ಣೀ ನದಿಯ ಹೆಸರಿನೊಡನೆ ಊರ್ಣೆಯ ಮಾತು ಬರುವುದು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಅಚ್ಚುಹಾಕಿಸಿ ಲೋಕಕ್ಕೆ ದೊರಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಣ್ಣೆಯ ಬಟ್ಟೆಗಳ ಹಲವು ಬಗೆಗಳನ್ನು ಹೆಸರಿಸಿದೆ. ಅವುಗಳಲ್ಲಿ ಕುದುರೆಯ ಬೆನ್ನಿಗೆ ಹಾಸುವುದೊಂದು. ಇದಕ್ಕಿಂತಲೂ ಗಮನಿಸತಕ್ಕದ್ದು ಸೂತ್ರಾಧ್ಯಕ್ಷನ ಪ್ರಕರಣ. ಊರ್ಣೆ, ಹತ್ತಿ, ನಾರು ಮುಂತಾದುವನ್ನು ವಿಧವೆಯರಿಂದಲೂ ಅಂಗವಿಕಲೆಯರಿಂದಲೂ ದಿಕ್ಕಿಲ್ಲದ ಇತರ ಹೆಂಗಸರಿಂದಲೂ ನೂಲಿಸಬೇಕು. ನೂಲು ನಯವೋ ಮಧ್ಯಮವೋ ಒರಟೋ ಎಂಬುದನ್ನು ನೋಡಿ ಕೂಲಿಯನ್ನು ಗೊತ್ತುಮಾಡಬೇಕು. ಹೆಚ್ಚು ನೂತವರಿಗೆ ಎಣ್ಣೆ, ನೆಲ್ಲಿಯ ಹಿಟ್ಟುಗಳನ್ನು ಕೊಟ್ಟು ಆದರಿಸಬೇಕು ಎಂದು ಅಲ್ಲಿ ವಿಧಿಸಿದೆ. ಒರಟು ನೂಲಿಗೂ ಕೂಲಿಯುಂಟು ಎಂಬ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಣ ಕಥೆಯೆಲ್ಲ ಆ ಒರಟುತನದ ಸುತ್ತಲೇ ನಡೆಯುವುದು.

ಧರ್ಮಶಾಸ್ತ್ರವೂ ಉಣ್ಣೆಯನ್ನು ಆದರಿಸಿದೆ. ರೇಷ್ಮೆ ಉಣ್ಣೆಗಳನ್ನು ಚೌಳುಮಣ್ಣಿನಿಂದಲೂ, ‘ಕುತಪ’ವೆಂಬ ಕಂಬಳಿಯನ್ನು ಅಂಟುವಾಳದ ಕಾಯಿಂದಲೂ ಶುದ್ಧಿಮಾಡಬೇಕೆಂದು ಮನುಸ್ಮೃತಿಯಲ್ಲಿ ಹೇಳಿದೆ, ವೈಶ್ಯವಟುವಿಗೆ ಉಣ್ಣೆಯ ದಾರದ ಯಜ್ಞೋಪವೀತವನ್ನು ವಿಧಿಸಿದೆ. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯು ಮುಟ್ಟಿದರೆ ಮೈಲಿಗೆ, ಧಾಬಳಿಯನ್ನುಟ್ಟರೆ ಮಡಿಯು ಕೆಡದು ಎಂದು ನಂಬಿ ನಡೆದ ಮನೆಗಳು ನಮ್ಮಲ್ಲಿ ಬಹಳ. ಆದರೆ ಆ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ನೆಯ್ದವನನ್ನು ಜಗಲಿಯಿಂದ ಒಳಕ್ಕೆ ಕರೆದ ಮನೆಗಳೆಷ್ಟು? ಬಟ್ಟೆ ಪವಿತ್ರ, ನೆಯ್ದವನು ದೂರ ಎಂಬುದು ಯಾವ ನ್ಯಾಯವೋ ತಿಳಿಯದು. ಕಸಬು ಕ್ಷೀಣಿಸುತ್ತ ಬಂದಾಗ ಓದುಬರಹ ಬಲ್ಲವರಲ್ಲಿ ಬಹು ಮಂದಿ ಅದನ್ನು ಗಮನಿಸದೆ ಹೋದುದಕ್ಕೆ ಈ ದೂರವೂ ಒಂದು ಕಾರಣವಾಗಿರಬೇಕು.

ಕುರುಬರಿಗೆ ಕಂಬಳಿಯು ಮಾರಾಟದ ಸರಕು ಮಾತ್ರವಾಗಿರಲಿಲ್ಲ. ಆ ಸಮುದಾಯದಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಮುಖ್ಯ ಪಂಗಡಗಳುಂಟು. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣವು ಉಣ್ಣೆಯ ದಾರದ್ದೋ ಹತ್ತಿಯದೋ ಎಂಬುದರಿಂದಲೇ ಈ ಹೆಸರುಗಳು. ಹಾಲುಮತದ ಆಚರಣೆಗಳಲ್ಲಿ ಕರಿಯ ಕಂಬಳಿಯನ್ನು ಹಾಸಿದರೆ ಅದೇ ಗದ್ದುಗೆ. ಮೈಲಾರಲಿಂಗನ ಗೊರವಯ್ಯನು ಇಂದಿಗೂ ಕರಿಯ ಕಂಬಳಿಯನ್ನು ಹೊದ್ದು ಡಮರುಗವನ್ನು ಹಿಡಿಯುವನು. ಆಂಧ್ರ ತೆಲಂಗಾಣಗಳಲ್ಲಿ ಗೊಂಗಡಿಯೆಂದೂ ಮಹಾರಾಷ್ಟ್ರದಲ್ಲಿ ಘೋಂಗಡಿಯೆಂದೂ ಕರೆಯಿಸಿಕೊಳ್ಳುವುದು ಇದೇ ಜಾತಿಯ ಕಂಬಳಿ. ಭಾಷೆ ಮೂರಾದರೂ ದಖ್ಖನಿನ ಕುರಿ ಒಂದೇ.

ಈ ಕುರಿಯ ಉಣ್ಣೆಯಿಂದ ಕಂಬಳಿಯಾಗುವ ಬಗೆಯನ್ನು ತುಸು ವಿವರವಾಗಿಯೇ ಹೇಳಬೇಕು. ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುವುದು ರೂಢಿ. ಅದಕ್ಕೆ ಮುಂಚೆ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈತೊಳೆಯುವರು. ಮರಿಯ ಮೊದಲ ಕತ್ತರಿಯ ಉಣ್ಣೆಯು ಎಲ್ಲಕ್ಕಿಂತ ಮೃದು. ಚಿತ್ರದುರ್ಗದ ಸೀಮೆಯಲ್ಲಿ ಇಂತಹ ನಯವಾದ ಉಣ್ಣೆಯಿಂದ ನೆಯ್ದ ಕಂಬಳಿಯನ್ನು ಸುತ್ತಿ ಬಿದಿರಿನ ಕೊಳವೆಯೊಳಗೆ ಇಡಬಹುದಾಗಿತ್ತೆಂಬ ಮಾತು ಹಿಂದಿನಿಂದ ಬಂದಿದೆ. ಹೊಗಳಿಕೆಯಲ್ಲಿ ಕೊಂಚ ಅತಿಶಯೋಕ್ತಿ ಸೇರಿರಬಹುದು. ಹೊಗಳುವಂತಹ ಕೈಗಳು ಇದ್ದುದಂತೂ ಸುಳ್ಳಲ್ಲ. ಉಣ್ಣೆಯನ್ನು ಕರಿ, ಕಂದು, ಬಿಳಿ ಎಂದು ಬೇರ್ಪಡಿಸಿ, ಬಿಲ್ಲಿನ ಹೆದೆಯಿಂದ ಹಿಂಜುವರು. ಬಣ್ಣವನ್ನು ಕುರಿಯೇ ಕೊಡುವುದರಿಂದ ಬಣ್ಣಗಾರನ ಹಂಗು ಇಲ್ಲ. ನೂಲುವ ಕೆಲಸವು ಹೆಂಗಸರದು. ಬಳಿಕ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಚಾಚಿ ಕಟ್ಟಿ, ಹುಣಿಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಬಳಿದು ಒಣಗಿಸುವರು. ಹೊಸ ಕಂಬಳಿಯು ಹಲಗೆಯಂತೆ ಬಿರುಸಾಗಿರುವುದು ಈ ಗಂಜಿಯಿಂದಲೇ. ತರುವಾಯ ಗುಂಡಿಮಗ್ಗದಲ್ಲಿ ಗಂಡಸರು ನೆಯ್ಯುವರು.

ದಖ್ಖನಿನ ಕುರಿಯು ವರ್ಷಕ್ಕೆ ಕೊಡುವ ಉಣ್ಣೆಯು ಒಂದು ಕಿಲೋಗ್ರಾಮಿಗೂ ಕಡಿಮೆ. ಆದಕಾರಣ ಒಂದು ಒಳ್ಳೆಯ ಕಂಬಳಿಗೆ ಮೂರು ನಾಲ್ಕು ಕುರಿಗಳ ವರ್ಷದ ಉಣ್ಣೆಯಾದರೂ ಬೇಕು. ಒಬ್ಬ ನೆಯ್ಗೆಯವನಿಗೆ ಒಬ್ಬಳು ನೂತ ನೂಲು ಸಾಲದು. ಒಂದು ಮಗ್ಗದ ಹಿಂದೆ ಹಲವು ರಾಟೆಗಳು ತಿರುಗಬೇಕು. ಕಂಬಳಿಯ ಬೆಲೆಯಲ್ಲಿ ಹೆಚ್ಚಿನ ಪಾಲು ದುಡಿಮೆಯದೇ ಎಂಬುದನ್ನು ಪೇಟೆಯವರು ಲೆಕ್ಕಕ್ಕೆ ತರುವುದಿಲ್ಲ. ಅಷ್ಟು ಒರಟಾದ ಬಟ್ಟೆಗೆ ಇಷ್ಟು ಬೆಲೆಯೇ ಎಂದು ಕೇಳುವರು.

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಬಳಿಕ, 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಕುರುಬರನ್ನೂ ಅವರ ಕಂಬಳಿಯ ಕಸಬನ್ನೂ ಕುರಿತು ಬರೆದಿರುವನು. ಅವನ ತರುವಾಯ ಬಂದ ಆಂಗ್ಲ ಅಧಿಕಾರಿಗಳಿಗೆ ಈ ಉಣ್ಣೆಯ ದೋಷವೇ ಮೊದಲು ಕಣ್ಣಿಗೆ ಬಿದ್ದಿತು. ಅವರ ಅಳತೆಗೋಲು ಮೆರಿನೊ ಕುರಿ. ಅದರ ಎಳೆಗಿಂತ ದಖ್ಖನಿನ ಉಣ್ಣೆಯ ಎಳೆಯು ಸುಮಾರು ಎರಡರಷ್ಟು ದಪ್ಪ. 1834ರಿಂದ 1861ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಮೆರಿನೊ ಟಗರುಗಳನ್ನು ತರಿಸಿ, ಸರಕಾರದ ವೆಚ್ಚದಲ್ಲಿ ನಾಡಕುರಿಗಳೊಡನೆ ಕೂಡಿಸಿ ನೋಡಿದರು. ಆ ಪ್ರಯೋಗವು ನೆಲೆಗೊಳ್ಳಲಿಲ್ಲ. ನೀಲಗಿರಿಯ ತಂಪಿನಲ್ಲಿ ಇಂತಹ ಬೆರಕೆಯಿಂದ ನಯವಾದ ಉಣ್ಣೆಯ ನೀಲಗಿರಿ ತಳಿಯು ಹುಟ್ಟಿ ಉಳಿಯಿತು. ಬಯಲುಸೀಮೆಯ ಬಿಸಿಲು, ಜಾಲಿಯ ಮುಳ್ಳು, ಬೇಸಗೆಯ ಒಣಹುಲ್ಲು, ದಿನವೂ ಹರದಾರಿಗಟ್ಟಲೆ ನಡಿಗೆ ಇವುಗಳ ನಡುವೆ ಮೆರಿನೊ ಬದುಕುವುದು ಹೇಗೆ? ಕಂಬಳಿಯಲ್ಲಿ ಅನ್ನ ಕಟ್ಟಿಕೊಂಡು ಕೂದಲು ಬಂತೆಂದು ಗೊಣಗಿದಂತೆ ಎಂಬ ಗಾದೆಯ ಮಾತು ಇಲ್ಲಿ ಸಲ್ಲುವುದು. ಕಂಬಳಿಯ ಉಣ್ಣೆಯನ್ನು ಶಾಲಿನ ಉಣ್ಣೆಯಾಗಿಲ್ಲವೆಂದು ದೂರಿದ ಮಾತ್ರಕ್ಕೆ ಅದು ಶಾಲಾಗದು.

ಅಷ್ಟರಲ್ಲಿ ಆ ಒರಟು ಕಂಬಳಿಗೇ ಹೊಸದೊಂದು ಬಳಕೆಯು ತಾನಾಗಿ ದೊರೆತಿತ್ತು. ಬಯಲುಸೀಮೆಯ ರೈತನು ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ಉಳುವುದು, ಕಣದಲ್ಲಿ ಹಾಸಿ ಕಾಳನ್ನು ಹರಡುವುದು ಹಳೆಯ ವಾಡಿಕೆ. 19ನೆಯ ಶತಮಾನದಲ್ಲಿ ಕೊಡಗು, ಚಿಕ್ಕಮಗಳೂರು, ವೈನಾಡುಗಳಲ್ಲಿ ಕಾಫಿಯ ತೋಟಗಳು ಎದ್ದಾಗ, ಮುಂಗಾರಿನಲ್ಲಿ ದಿನವೆಲ್ಲ ನೆನೆಯುತ್ತ ದುಡಿಯುವ ಆಳುಗಳಿಗೆ ಕಂಬಳಿಯೇ ಆಶ್ರಯವಾಯಿತು. ತೋಟದ ಧಣಿಗಳು ಆಳುಗಳಿಗೆ ಕಂಬಳಿ ಕೊಡುವ ರೂಢಿಯು ಬಂದು, ‘ಕಂಬ್ಲಿ’ಯೆಂಬ ಮಾತು ಇಂಗ್ಲಿಷಿನವರ ಬಾಯಲ್ಲೂ ನೆಲೆಸಿತು. 1951ರ ತೋಟ ಕಾರ್ಮಿಕರ ಕಾಯಿದೆಯು ಮಳೆ ಚಳಿಗಳಿಂದ ರಕ್ಷಣೆಗಾಗಿ ಕಾರ್ಮಿಕರಿಗೆ ಕೊಡೆ, ಕಂಬಳಿ, ಮಳೆಯಂಗಿಗಳನ್ನು ಒದಗಿಸುವ ಬಗ್ಗೆ ನಿಯಮಗಳನ್ನು ಮಾಡಲು ಸರಕಾರಗಳಿಗೆ ಅಧಿಕಾರ ಕೊಟ್ಟಿತು.

ಒರಟು ಕಂಬಳಿಯು ಮಳೆಯನ್ನು ತಡೆದುದು ಅದರ ಒರಟುತನದಿಂದಲೇ. ಉಣ್ಣೆಯ ಎಳೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಯೂ ಮೈಗೆ ಹಸಿಯಾಗಿ ತಾಕದು. ಹೀರುವಾಗ ತುಸು ಶಾಖವನ್ನೂ ಬಿಡುವುದು. ಒತ್ತಾದ ನೆಯ್ಗೆಯ ಮೇಲೆ ಬಿದ್ದ ಹನಿಯು ಕೂದಲ ತುದಿಗಳಲ್ಲಿ ಜಾರಿಹೋಗುವುದು. ಕುರಿಯು ಬಯಲಿನಲ್ಲಿ ಮಳೆಗೆ ಮೈಯೊಡ್ಡಿ ನಿಲ್ಲುವುದೂ ಇದೇ ಉಪಾಯದಿಂದ. ಈ ಗುಣವನ್ನು ಕುರುಬನು ಬಲ್ಲವನಾಗಿದ್ದನು. ಮೆರಿನೊ ತರಿಸಿದವರು ಅರಿತಂತೆ ತೋರದು.

1914–18 ಮತ್ತು 1939–45ರ ಎರಡು ಮಹಾಯುದ್ಧಗಳಲ್ಲಿ ದಂಡಿಗೆ ಕಂಬಳಿಗಳು ಅಪಾರವಾಗಿ ಬೇಕಾದುವು. ಗಿರಣಿಗಳೊಡನೆ ಕೈಮಗ್ಗಗಳಿಗೂ ಕೆಲಸ ದೊರೆಯಿತು. ದಂಡಿನ ಬೇಡಿಕೆಯು ಯುದ್ಧವಿರುವಷ್ಟು ಕಾಲದ ಬೇಡಿಕೆ. ಸ್ವಾತಂತ್ರ್ಯಾನಂತರ 1956ರ ಖಾದಿ ಕಾಯಿದೆಯು ಕೈಯಿಂದ ನೂತು ಕೈಮಗ್ಗದಲ್ಲಿ ನೆಯ್ದ ಉಣ್ಣೆಯ ಬಟ್ಟೆಯನ್ನೂ ಖಾದಿಯೆಂದೇ ಎಣಿಸಿತು. ಸಹಕಾರ ಸಂಘಗಳು ಹುಟ್ಟಿದುವು. ಚಳ್ಳಕೆರೆಯ ಹೆಸರು ಕಂಬಳಿಯೊಡನೆ ಅಂಟಿಕೊಂಡಿತು. 1962ರಲ್ಲಿ ರಾಜಸ್ಥಾನದಲ್ಲಿ ಕೇಂದ್ರ ಸರಕಾರವು ಕುರಿ ಮತ್ತು ಉಣ್ಣೆಯ ಸಂಶೋಧನಾಲಯವನ್ನು ಸ್ಥಾಪಿಸಿತು. ಅದಿರುವ ಊರಿಗೆ ಅವಿಕಾನಗರವೆಂಬ ಹೆಸರಿರುವುದನ್ನು ಸಂಸ್ಕೃತ ಬಲ್ಲವರು ಮೆಚ್ಚುವರು.

ಕಂಬಳಿಯ ಬೀಳುಗಾಲವು ಒಂದೇ ದಿಕ್ಕಿನಿಂದ ಬರಲಿಲ್ಲ. ಮಳೆಗೆ ಪ್ಲಾಸ್ಟಿಕ್ಕಿನ ಹಾಳೆ ಬಂದಿತು; ಹೊದೆಯಲು ಹಳೆಯ ಉಣ್ಣೆಬಟ್ಟೆಯ ಚಿಂದಿಯನ್ನು ಮತ್ತೆ ಹಿಂಜಿ ಯಂತ್ರದಲ್ಲಿ ನೆಯ್ದ ಪಾಣಿಪತ್ತಿನ ಹೊದಿಕೆಗಳು, ಅವುಗಳ ಹಿಂದೆ ಕೃತಕ ಎಳೆಯ ಮೃದುವಾದ ಹೊದಿಕೆಗಳು ಬಂದುವು. ಬೆಲೆಯಲ್ಲಿ ಅವುಗಳೊಡನೆ ಹೋರಲು ಕೈನೂಲಿಗೆ ಸಾಧ್ಯವಿಲ್ಲ. ಇವೆಲ್ಲಕ್ಕಿಂತ ಬಲವಾದ ಪೆಟ್ಟು ಕುರಿಯ ಮಂದೆಯೊಳಗಿಂದಲೇ ಬಿದ್ದಿತು. ಮಾಂಸಕ್ಕೆ ಬೆಲೆ ಏರಿ ಉಣ್ಣೆಗೆ ಬೆಲೆ ಇಳಿದಾಗ, ಕುರಿಗಾರನು ಬೇಗ ಮೈ ತುಂಬುವ, ಉಣ್ಣೆಯಿಲ್ಲದ ತಳಿಗಳ ಟಗರುಗಳನ್ನು ಮಂದೆಗೆ ಬಿಟ್ಟುಕೊಂಡನು. ಇದಕ್ಕಾಗಿ ಅವನನ್ನು ದೂಷಿಸಲಾಗದು. ಅವನ ಮಕ್ಕಳೂ ಉಣ್ಣಬೇಕಷ್ಟೆ. ಆದರೆ ಒಮ್ಮೆ ಬೆರೆತುಹೋದ ಕರಿಯ ಉಣ್ಣೆಯ ತಳಿಯನ್ನು ಬೇಕೆಂದಾಗ ಮರಳಿ ಪಡೆಯುವುದು ಸುಲಭವಲ್ಲ.

ಇನ್ನು ಹೊಸ ಉಪಯೋಗಗಳ ಮಾತು. ದಖ್ಖನಿನ ಉಣ್ಣೆಯಿಂದ ನೆಲಹಾಸು, ಚೀಲ, ಕುರ್ಚಿಯ ಮೆತ್ತೆ, ಪಾದರಕ್ಷೆ, ಗೋಡೆಗೆ ತೂಗುವ ಹಾಸು ಇವನ್ನು ನೆಯ್ಗೆಯವರೂ ವಿನ್ಯಾಸ ಕಲಿತ ಯುವಕ ಯುವತಿಯರೂ ಕೂಡಿ ಮಾಡಿಸುತ್ತಿರುವರು. ನೆಲಹಾಸಿಗೆ ಒರಟು ಎಳೆಯೇ ಲೇಸು. ನಯವಾದುದು ಕಾಲಡಿಯಲ್ಲಿ ಬೇಗ ಸವೆಯುವುದು. ನೂಲದೆಯೂ ನೆಯ್ಯದೆಯೂ, ಉಣ್ಣೆಯನ್ನು ನೆನೆಸಿ ಒತ್ತಿ ಸುತ್ತಿ ಹಾಸನ್ನು ಮಾಡುವ ವಿದ್ಯೆಯೊಂದುಂಟು. ಮಹಾರಾಷ್ಟ್ರದಲ್ಲಿ ಇಂತಹ ಹಾಸಿಗೆ ‘ಜೇನ್’ ಎಂದು ಹೆಸರು. ಕಟ್ಟಡಗಳಲ್ಲಿ ಶಾಖವನ್ನೂ ಸದ್ದನ್ನೂ ತಡೆಯಲು ಗೋಡೆ ಮಾಡುಗಳ ಒಳಗೆ ಉಣ್ಣೆಯನ್ನು ತುಂಬುವುದು ಬೇರೆ ದೇಶಗಳಲ್ಲಿ ಬಳಕೆಗೆ ಬಂದಿದೆ. ಉಣ್ಣೆಗೆ ಬೆಂಕಿಯೂ ಸುಲಭವಾಗಿ ಹತ್ತದು. ಯಾವುದಕ್ಕೂ ಬಾರದ ಕಸಉಣ್ಣೆಯನ್ನು ಗಿಡಗಳ ಬುಡಕ್ಕೆ ಹಾಕಿದರೆ ತೇವವನ್ನು ಹಿಡಿದು, ಮೆಲ್ಲಗೆ ಕೊಳೆತು ಗೊಬ್ಬರವಾಗುವುದು. ಉಣ್ಣೆಯ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವಿದೆ.

ಇವುಗಳಲ್ಲಿ ಯಾವುದೂ ತಳ್ಳಿಹಾಕತಕ್ಕುದಲ್ಲ. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗೋಡೆಯೊಳಗೆ ತುಂಬಿದ ಉಣ್ಣೆಯಿಂದ ಕುರಿಗಾರನಿಗೆ ನಾಲ್ಕು ಕಾಸು ಬಂದೀತು. ನೂಲುವವಳಿಗೆ ಏನೂ ಬಾರದು. ಗೊಬ್ಬರವಾದರೆ ಕುರಿಗಾರನಿಗೂ ದೊರೆಯುವುದು ಅಲ್ಪ. ನೆಲಹಾಸು, ಚೀಲಗಳಿಗೆ ಮಾತ್ರ ಹಿಂಜುವವನು, ನೂಲುವವಳು, ನೆಯ್ಯುವವನು ಮೂವರೂ ಬೇಕು. ಅಲ್ಲಿಯೂ ತೊಡಕಿಲ್ಲದಿಲ್ಲ. ಪಟ್ಟಣದ ಅಂಗಡಿಯಲ್ಲಿ ಚೀಲದ ಮೇಲೆ ವಿನ್ಯಾಸ ಮಾಡಿದವರ ಹೆಸರು ಇರುವುದು, ನೂತವಳ ಹೆಸರು ಇರುವುದಿಲ್ಲ. ನೂಲುವವರಲ್ಲಿ ಈಗ ಬಹುಮಟ್ಟಿಗೆ ಉಳಿದಿರುವವರು ವಯಸ್ಸಾದ ಹೆಂಗಸರು. ರಾಟೆಯ ಮುಂದೆ ಒಂದು ದಿನ ಕುಳಿತರೆ ಹೊಲದ ಕೂಲಿಗೆ ಸಮನಾದ ಹಣವು ಹುಟ್ಟದಿರುವಾಗ ಸೊಸೆಯಾಗಲಿ ಮೊಮ್ಮಗಳಾಗಲಿ ಅದನ್ನು ಕಲಿಯುವುದೇಕೆ? ನೂಲಿನ ನಯ ಒರಟುಗಳನ್ನು ನೋಡಿ ಕೂಲಿಯನ್ನು ಗೊತ್ತುಮಾಡಬೇಕೆಂದ ಕೌಟಿಲ್ಯನ ಸೂತ್ರಾಧ್ಯಕ್ಷನ ಕೆಲಸವನ್ನು ಇಂದು ಸಂಘವೋ ಸರಕಾರವೋ ಕೊಳ್ಳುವವರೋ ಯಾರಾದರೊಬ್ಬರು ವಹಿಸಿಕೊಳ್ಳಬೇಕಾಗಿದೆ. ಆ ಕೂಲಿಯನ್ನು ಬಿಟ್ಟು ವಿನ್ಯಾಸದ ಚರ್ಚೆಯನ್ನು ಎಷ್ಟು ಬೆಳೆಸಿದರೂ ಮಗ್ಗಕ್ಕೆ ನೂಲು ಬಾರದು.

ಉಣ್ಣೆಯು ಮಾರಲಿ, ಮಾರದಿರಲಿ, ಅದನ್ನು ಕತ್ತರಿಸದೆ ಬಿಡುವಂತಿಲ್ಲ. ಬಿಟ್ಟರೆ ಕುರಿಯ ಮೈಯಲ್ಲಿ ಹುಳುಹುಪ್ಪಟೆ ಸೇರಿ ಅದು ಸೊರಗುವುದು. ಹಿಂದೆ ಕತ್ತರಿಯವನಿಗೆ ಕೊಡುವ ಕೂಲಿಯು ಉಣ್ಣೆಯ ಹಣದಿಂದಲೇ ಹುಟ್ಟುತ್ತಿತ್ತು. ಈಗ ಅನೇಕ ಕುರಿಗಾರರು ಅದನ್ನು ತಮ್ಮ ಗಂಟಿನಿಂದ ತೆತ್ತು, ಕತ್ತರಿಸಿದ ಕರಿಯ ತುಪ್ಪಟವನ್ನು ಅಲ್ಲಿಯೇ ಬಿಟ್ಟು, ಸಂಜೆಯ ಹೊತ್ತಿಗೆ ಮಂದೆಯನ್ನು ಮುಂದಿನ ಊರಿನ ಹೊಲಕ್ಕೆ ಹೊಡೆಯುವರು.