ವಾಟರ್ ಪೇಪರಿನ ಗೀರುಗಳು

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿನಲ್ಲಿ ಕುಳಿತಿದ್ದೆ. ವಾಟರ್ ಪೇಪರಿನಿಂದ ಉಜ್ಜಿದ ಕಾರಿನ ಮೇಲೆ ಉಳಿದ ಮಂಕು ಗೀರುಗಳನ್ನು ಆತ ಅಳಿಸುತ್ತಿದ್ದ. ಮೊದಲು 2000ದ, ಬಳಿಕ 3000ದ ನಯವಾದ ಕಾಗದ. ಕೊನೆಗೆ ರಬ್ಬಿಂಗ್ ಕಾಂಪೌಂಡು, ಪಾಲಿಶ್. ಗೀರು ಮಾಯವಾಗುವುದೆಂದರೆ ಅದು ತುಂಬಿಕೊಳ್ಳುವುದಲ್ಲ. ಸುತ್ತಲಿನ ಬಣ್ಣವೇ ಅದರ ಆಳದವರೆಗೆ ಸವೆಯುವುದು. ಅಂಚುಗಳಲ್ಲಿ ಬಣ್ಣ ತೆಳು. ಅಲ್ಲಿ ಆತನ ಕೈ ಹಗುರವಾಗುತ್ತಿತ್ತು.

ಈ ಕಾಗದಕ್ಕೂ ಒಂದು ಚರಿತ್ರೆಯುಂಟು. ಹಿಂದೆ ಬಣ್ಣವನ್ನು ಒಣದಾಗಿಯೇ ಉಜ್ಜುತ್ತಿದ್ದರು. ಸೀಸ ಬೆರೆತ ಬಣ್ಣದ ಧೂಳು ಕೆಲಸಗಾರರ ಎದೆಗಿಳಿಯುತ್ತಿತ್ತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಶಾಯಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ ಎಂಬವರು ನೀರಿಗೆ ಕೆಡದ ಉಜ್ಜುಗಾಗದವನ್ನು ರೂಪಿಸಿದರು. 1921ರಲ್ಲಿ 3ಎಂ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. (ಓಕಿಯವರು ಗಡ್ಡವನ್ನೂ ಉಜ್ಜುಗಾಗದದಿಂದಲೇ ತೆಗೆದುಕೊಳ್ಳುತ್ತಿದ್ದರಂತೆ!) ಧೂಳು ಕೆಸರಾಗಿ ನೀರಿನೊಡನೆ ಹರಿದುಹೋಯಿತು. 1923ರಲ್ಲಿ ಡ್ಯುಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬಂದಿತು. ವಾರಗಟ್ಟಲೆ ಹಿಡಿಯುತ್ತಿದ್ದ ಬಣ್ಣದ ಕೆಲಸ ಬೇಗನೆ ಮುಗಿಯತೊಡಗಿತು. ಆದರೆ ಲ್ಯಾಕರಿಗೆ ತಿಕ್ಕದೆ ಹೊಳಪು ಬಾರದು.

ಇದನ್ನೆಲ್ಲ ಹೇಳುತ್ತಿರುವಾಗ ಮೂಲೆಯಲ್ಲಿ ಹುಡುಗನೊಬ್ಬ ಹಳೆಯ ಬಾಗಿಲೊಂದನ್ನು ಒಣದಾಗಿಯೇ ಉಜ್ಜುತ್ತಿದ್ದ. ಮೂಗಿಗೆ ಬಟ್ಟೆಯೂ ಇರಲಿಲ್ಲ. ನಾನು ಮಾತು ನಿಲ್ಲಿಸಿದೆ. ನನ್ನ ಶಿಷ್ಯ ಎದ್ದು, ನೀರಿನ ಬಕೆಟ್ಟನ್ನು ಅವನ ಬಳಿಗೆ ಸರಿಸಿದ.