ಹಸುವಿನ ಕ್ಷಯ ಮತ್ತು ಎರಡನೆಯ ಕೊಟ್ಟಿಗೆ

ದಿಲ್‌ಸುಖ್‌ನಗರದ ಕನ್ನಡಿಗರಾದ ನಾವು ಹಾಲನ್ನು ಕಾಯಿಸದೆ ಕುಡಿಯುವವರಲ್ಲ. ಈ ರೂಢಿಯು ಹಸುವಿನ ಕ್ಷಯದಿಂದ ನಮ್ಮನ್ನು ಬಹುಮಟ್ಟಿಗೆ ರಕ್ಷಿಸಿದೆ. ಹಸುಗಳನ್ನು ಅದು ರಕ್ಷಿಸಲಾರದು. ಕೊಟ್ಟಿಗೆಯಲ್ಲಿ ರೋಗವು ಉಸಿರಿನ ಮೂಲಕವೇ ಹರಡುತ್ತದೆ.

1890ರಲ್ಲಿ ರಾಬರ್ಟ್ ಕಾಕ್ ಟ್ಯುಬರ್ಕ್ಯುಲಿನ್ ಅನ್ನು ಮನುಷ್ಯರ ಕ್ಷಯಕ್ಕೆ ಮದ್ದೆಂದು ಪ್ರಕಟಿಸಿದರು. ಮದ್ದಾಗಿ ಅದು ಫಲಿಸಲಿಲ್ಲ. ದನಗಳಲ್ಲಿ ಅಡಗಿದ ರೋಗವನ್ನು ಗುರುತಿಸುವ ಪರೀಕ್ಷೆಯಾಗಿ ಉಳಿಯಿತು. ಇಂದಿಗೂ ಪಶುವೈದ್ಯರು ಅದನ್ನು ಕುತ್ತಿಗೆಯ ಚರ್ಮದೊಳಗೆ ಚುಚ್ಚಿ, 72 ಗಂಟೆಗಳ ಬಳಿಕ ಊತವನ್ನು ಅಳೆಯುತ್ತಾರೆ.

ಸೋಂಕು ಕಂಡ ಹಸುವನ್ನು ಏನು ಮಾಡಬೇಕು? ಬ್ರಿಟನ್ ಅಂಥವನ್ನು ಕೊಂದು ಒಡೆಯರಿಗೆ ಪರಿಹಾರ ನೀಡಿತು. ಗೋಹತ್ಯೆಗೆ ನಿರ್ಬಂಧವಿರುವ ನಮ್ಮಲ್ಲಿ ಆ ಮಾರ್ಗ ಸುಲಭವಲ್ಲ. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1890ರ ದಶಕದಲ್ಲೇ ಬೇರೊಂದು ಕ್ರಮವನ್ನು ತೋರಿದ್ದರು: ಸೋಂಕಿತ ಹಸುಗಳನ್ನು ಪ್ರತ್ಯೇಕವಾಗಿ ಕಟ್ಟುವುದು, ಅವುಗಳ ಕರುಗಳನ್ನು ಹುಟ್ಟಿದೊಡನೆ ಬೇರ್ಪಡಿಸಿ ಕಾಯಿಸಿದ ಹಾಲಿನಿಂದ ಸಾಕುವುದು, ಉಳಿದವನ್ನು ಮತ್ತೆ ಮತ್ತೆ ಪರೀಕ್ಷಿಸುವುದು.

ಆದರೆ ಎರಡು ಹಸುಗಳನ್ನು ನಂಬಿ ಸಂಸಾರ ನಡೆಸುವವರು ಎರಡನೆಯ ಕೊಟ್ಟಿಗೆಯನ್ನು ಎಲ್ಲಿಂದ ತರಬೇಕು? ನಷ್ಟವೆಲ್ಲ ತಮ್ಮದೇ ಆಗುವುದಾದರೆ ಅವರು ಪರೀಕ್ಷೆಗೇ ಹಿಂಜರಿಯುವುದು ಸಹಜ. ವೈದ್ಯರ ಸೂಜಿಯೊಡನೆ ಆ ಕೊಟ್ಟಿಗೆಯ ವೆಚ್ಚವನ್ನೂ ಹಾಲು ಕುಡಿಯುವ ಸಮಾಜವೇ ಹೊರಬೇಕೆಂಬುದು ನಮ್ಮ ಮತ.